ಮನೆಗೊಬ್ಬ ಪುಟ್ಟ ನೀರುಗಂಟಿ: ಮಕ್ಕಳ ಕೈಗೆ ನೀರಿನ ಲೆಕ್ಕ ಕೊಡುವ ಬಗೆ

ಮಂಡ್ಯದಲ್ಲಿ ನನ್ನದೊಂದು ಪೈಪು, ನಲ್ಲಿ, ಮೋಟಾರು ಸಾಮಾನಿನ ಅಂಗಡಿ ಇದೆ. ಅಲ್ಲಿಗೆ ಬರುವ ಅಪ್ಪ ಅಮ್ಮಂದಿರು ಹೇಳುವ ದೂರು ಹೆಚ್ಚುಕಮ್ಮಿ ಒಂದೇ. "ಎಷ್ಟು ಬಡ್ಕೊಂಡ್ರೂ ನಮ್ ಹುಡುಗ್ರು ನಲ್ಲಿ ನಿಲ್ಸಲ್ಲ ಕಣಣ್ಣ." ಬಡ್ಕೊಂಡರೆ ನಿಲ್ಲಿಸುವುದಿಲ್ಲ, ನಿಜ. ನೀರು ಉಳಿಸಿ ಅನ್ನೋ ಮಾತನ್ನು ಮಕ್ಕಳು ಶಾಲೆ ಗೋಡೆ ಮೇಲೆ ದಿನಾ ಓದುತ್ತವೆ. ಎಷ್ಟೋ ಕಡೆ ಆ ಗೋಡೆ ಪಕ್ಕದ ನಲ್ಲಿಯೇ ತೊಟ್ಟಿಕ್ಕುತ್ತಿರುತ್ತದೆ. ಮಕ್ಕಳು ಗೋಡೆ ನೋಡಿ ಕಲಿಯುತ್ತಾವೋ, ನಲ್ಲಿ ನೋಡಿ ಕಲಿಯುತ್ತಾವೋ, ನೀವೇ ಹೇಳಿ.

ನಮ್ಮಪ್ಪ ವಿ.ಸಿ. ನಾಲೆ, ಅಂದರೆ ಕೃಷ್ಣರಾಜಸಾಗರದಿಂದ ಬರುವ ವಿಶ್ವೇಶ್ವರಯ್ಯ ನಾಲೆ ಕಡೆಯ ಊರಲ್ಲಿ ನೀರುಗಂಟಿ ಆಗಿದ್ದವರು. ಕೆಲವರು ಸೌಡಿ ಅಂತಲೂ ಕರೆಯುತ್ತಿದ್ದರು. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಅಂತ ನೋಡಿಕೊಳ್ಳುವುದು ಅವರ ಕೆಲಸ. ಅವರು ನಮಗೆ ನೀರಿನ ಬಗ್ಗೆ ಒಂದು ದಿನವೂ ಭಾಷಣ ಮಾಡಲಿಲ್ಲ. ಗುದ್ದಲಿ ಕೊಟ್ಟು "ಹೋಗ್ಲಾ, ಆ ಬದ ಕಟ್ಟು" ಅನ್ನುತ್ತಿದ್ದರು ಅಷ್ಟೇ. ನಾನು ನನ್ನ ಮಕ್ಕಳಿಗೆ ಮಾಡುತ್ತಿರುವುದೂ ಅದನ್ನೇ. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. ಬುದ್ಧಿಮಾತು ಕಡಿಮೆ, ಕೆಲಸ ಜಾಸ್ತಿ. ಕೈಗೆ ಒಂದು ಅಳತೆ, ಒಂದು ಸ್ಪ್ಯಾನರು, ಒಂದು ಅಧಿಕಾರ ಕೊಟ್ಟರೆ ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ.

ಮೊದಲು ಬಕೆಟ್ಟಿಗೆ ಗೆರೆ ಎಳೆಯಿರಿ

ಮಕ್ಕಳಿಗೆ "ಜಾಸ್ತಿ" ಅಂದರೆ ಏನು ಅಂತ ಗೊತ್ತಿರುವುದಿಲ್ಲ. ಗೊತ್ತಾಗುವುದು ಎಣಿಸಿದಾಗ. ಮನೆಯ ಹಳೇ ಬಕೆಟ್ಟು ತೆಗೆದುಕೊಳ್ಳಿ. ಒಂದು ಲೀಟರಿನ ಬಾಟಲಿಯಲ್ಲಿ ನೀರು ತುಂಬಿ ತುಂಬಿ ಸುರಿಯಲಿ. ಪ್ರತಿ ಲೀಟರಿಗೂ ಬಕೆಟ್ಟಿನ ಒಳಗೆ ನೇಲ್ ಪಾಲಿಶ್‌ನಿಂದ ಒಂದು ಗೆರೆ. ಮಾರ್ಕರ್ ಪೆನ್ನು ಬೇಡ, ಕೆಲವೇ ದಿನಕ್ಕೆ ಅಳಿಸಿ ಹೋಗುತ್ತದೆ. ಬಣ್ಣವನ್ನು ಮಕ್ಕಳೇ ಆರಿಸಲಿ. ನಮ್ಮನೆ ಬಕೆಟ್ಟಿನಲ್ಲಿ ಐದು, ಹತ್ತು, ಹದಿನೈದರ ಗೆರೆ ಕೆಂಪು, ಮಿಕ್ಕದ್ದೆಲ್ಲ ನೇರಳೆ.

ಈಗ ಅದೇ ಬಾಟಲಿಯನ್ನು ನಲ್ಲಿ ಕೆಳಗೆ ಹಿಡಿದು, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ, ತುಂಬಲು ಎಷ್ಟು ಸೆಕೆಂಡು ಅಂತ ನೋಡಲು ಹೇಳಿ. ಹತ್ತು ಸೆಕೆಂಡು ಬಂತು ಅನ್ನಿ. ಹಾಗಾದರೆ ನಿಮಿಷಕ್ಕೆ 6 ಲೀಟರ್. ನಲ್ಲಿ ಬಿಟ್ಟುಕೊಂಡು ಎರಡು ನಿಮಿಷ ಹಲ್ಲುಜ್ಜಿದರೆ 12 ಲೀಟರ್. ಚೊಂಬಿನಲ್ಲಿ ಹಿಡಿದುಕೊಂಡು ಉಜ್ಜಿದರೆ ಒಂದು ಲೀಟರೂ ಬೇಕಾಗುವುದಿಲ್ಲ. ಈ ಲೆಕ್ಕವನ್ನು ನೀವು ಹೇಳಬೇಡಿ. ನಲ್ಲಿ ಕೆಳಗೆ ಗೆರೆ ಬಕೆಟ್ಟು ಇಟ್ಟು, ಯಾವಾಗಿನಂತೆ ಹಲ್ಲುಜ್ಜಲು ಬಿಡಿ. ಬಾಯಿ ತೊಳೆದು ಕೆಳಗೆ ನೋಡಿದಾಗ ಆಗುವ ಮುಖ ಇದೆಯಲ್ಲ, ಅದು ಸಾಕು.

ಎಲ್ಲ ನಲ್ಲಿಯ ಅಳತೆಯೂ ಒಂದೇ ಇರುವುದಿಲ್ಲ. ತಾರಸಿ ಟ್ಯಾಂಕಿಗೆ ಹತ್ತಿರದ ನಲ್ಲಿ, ದೂರದ ನಲ್ಲಿ, ಮೇಲಿನ ಮಹಡಿ, ಕೆಳಗಿನ ಮಹಡಿ, ಎಲ್ಲ ಬೇರೆ ಬೇರೆ. ದೊಡ್ಡ ಮಕ್ಕಳು ಇದನ್ನು ಅಳೆದು ಪಟ್ಟಿ ಮಾಡಿದರೆ ಒತ್ತಡ ಅಂದರೆ ಏನು ಅನ್ನೋ ಪಾಠ ಪುಕ್ಕಟೆ ಸಿಕ್ಕಿತು. ಟ್ಯಾಂಕಿನ ನೀರಿನ ಮಟ್ಟದಿಂದ ಕೆಳಗಿಳಿದಷ್ಟೂ ರಭಸ ಜಾಸ್ತಿ. ಅದಕ್ಕೇ ಕೆಳಮನೆಯ ಬಚ್ಚಲಿನಲ್ಲಿ ನೀರು ಬೇಗ ಖರ್ಚಾಗುವುದು.

ಒಂದು ವಾರ ಮನೆಯವರೆಲ್ಲರ ಲೆಕ್ಕ ಬರೆಯಲಿ. ಸ್ನಾನಕ್ಕೆಷ್ಟು, ಪಾತ್ರೆಗೆಷ್ಟು, ವಾಷಿಂಗ್ ಮಷಿನ್‌ಗೆಷ್ಟು. ಬರೆದಾದ ಮೇಲೆ ಎರಡು ಸಂಖ್ಯೆ ಹೇಳಿ. ಒಳಚರಂಡಿ ಇರುವ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಲೆಕ್ಕ. ಹಳ್ಳಿಗಳಿಗೆ ಜಲಜೀವನ್ ಮಿಷನ್ ಇಟ್ಟುಕೊಂಡಿರುವುದು 55 ಲೀಟರ್. ಮಗಳು ಇದನ್ನು ಕೇಳಿದ ತಕ್ಷಣ "ಹಳ್ಳಿಯಲ್ಲಿರೋ ಅಜ್ಜಿಗೆ ಯಾಕೆ ಕಡಿಮೆ?" ಅಂದಳು. ಒಳ್ಳೇ ಪ್ರಶ್ನೆ. ನಾನು ಉತ್ತರ ಹೇಳಲು ಹೋಗಲಿಲ್ಲ, ಅವಳ ಲೆಕ್ಕದ ಪುಸ್ತಕದಲ್ಲೇ ಬರೆದಿಡು ಅಂದೆ.

ತೊಟ್ಟಿಕ್ಕುವ ನಲ್ಲಿ ಸಿಕ್ಕರೆ ಬಿಡಬೇಡಿ

ನನ್ನ ಕಸುಬು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಮನೆಯಲ್ಲಿ ಎಲ್ಲಾದರೂ ನಲ್ಲಿ ಸೋರುತ್ತಿದ್ದರೆ ಪ್ಲಂಬರಿಗೆ ಫೋನ್ ಮಾಡುವ ಮೊದಲು ಮಕ್ಕಳನ್ನು ಕರೆಯಿರಿ. ಕೆಳಗೆ ಒಂದು ಲೋಟ ಇಡಲಿ. 200 ಮಿಲಿ ಲೋಟ ಅರ್ಧ ಗಂಟೆಗೆ ತುಂಬಿದರೆ ದಿನಕ್ಕೆ ಸುಮಾರು ಒಂಬತ್ತೂವರೆ ಲೀಟರ್. ತಿಂಗಳಿಗೆ 280 ಲೀಟರಿಗೂ ಜಾಸ್ತಿ. ಗುಣಾಕಾರ ಅವರೇ ಮಾಡಲಿ, ಬೇಕಾದರೆ ಬೆರಳು ಮಡಚಿ ಎಣಿಸಲಿ.

ಆಮೇಲೆ ವಾಷರ್ ಬದಲಾಯಿಸುವುದು. ಹತ್ತು ವರ್ಷದ ಮಗು ದೊಡ್ಡವರು ಪಕ್ಕದಲ್ಲಿದ್ದರೆ ಇದನ್ನು ಆರಾಮಾಗಿ ಮಾಡಬಹುದು. ಹೀಗೆ ಮಾಡಿ.

ಮೊದಲು ಆ ಲೈನಿನ ಗೇಟ್‌ವಾಲ್ವ್ ನಿಲ್ಲಿಸಿ. ವಾಲ್ವ್ ಎಲ್ಲಿದೆ ಅಂತಲೇ ಎಷ್ಟೋ ಮನೆಯವರಿಗೆ ಗೊತ್ತಿಲ್ಲ. ಮಗುವಿನ ಜೊತೆ ನೀವೂ ಹುಡುಕಿ. ನಲ್ಲಿ ತಿರುಗಿಸಿ ಪೈಪಿನಲ್ಲಿ ಉಳಿದ ನೀರನ್ನು ಬಕೆಟ್ಟಿಗೆ ಬಿಡಿ. ಬೇಸಿನ್ ಇದ್ದರೆ ಅದರ ತೂತಿಗೆ ಒಂದು ಬಟ್ಟೆ ತುರುಕಿ, ಇಲ್ಲದಿದ್ದರೆ ಸಣ್ಣ ಸ್ಕ್ರೂ ಅದರೊಳಗೆ ಹೋಗೇ ಹೋಗುತ್ತದೆ. ಹಳೇ ಹಿತ್ತಾಳೆ ನಲ್ಲಿಯಾದರೆ ಅದರ ತಲೆಯನ್ನು ಸ್ಪ್ಯಾನರಿನಿಂದ ಬಿಚ್ಚಿ. ಇನ್ನೊಂದು ಕೈಯಲ್ಲಿ ನಲ್ಲಿಯ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲವೆಂದರೆ ಪೈಪೇ ತಿರುಗಿ ಗೋಡೆ ಒಳಗೆ ಬಿರುಕು ಬಿಡುತ್ತದೆ. ಹಿಡಿಯುವ ಕೆಲಸ ನಿಮ್ಮದು, ಬಿಚ್ಚುವ ಕೆಲಸ ಮಗುವಿನದು. ಒಳಗಡೆ ಒಂದು ಸಣ್ಣ ಕಡ್ಡಿಯ ತುದಿಯಲ್ಲಿ ರಬ್ಬರಿನ ಬಿಲ್ಲೆ ಇರುತ್ತದೆ. ಅದೇ ವಾಷರ್. ಸವೆದು ಹೋದದ್ದರ ಮೇಲೆ ದುಂಡಗೆ ಒಂದು ಹಳ್ಳ ಬಿದ್ದಿರುತ್ತದೆ. ಬೆರಳು ಆಡಿಸಿ ನೋಡಲು ಹೇಳಿ. ಇಷ್ಟಗಲದ ಹಳ್ಳದಿಂದ ತಿಂಗಳಿಗೆ ಅಷ್ಟು ನೀರು ಹೋಗುತ್ತಿತ್ತು ಅಂತ ಗೊತ್ತಾದ ಮಗುವಿಗೆ ಆಮೇಲೆ ನಲ್ಲಿ ನಿಲ್ಲಿಸು ಅಂತ ಹೇಳಬೇಕಾಗಿಲ್ಲ. ಅದು ಪಕ್ಕದ ಮನೆಗೆ ಹೋದರೂ ನಲ್ಲಿ ಕಡೆಯೇ ನೋಡುತ್ತದೆ.

ಹೊಸ ವಾಷರ್ ಕೂರಿಸುವ ಮೊದಲು ನಲ್ಲಿ ಒಳಗೆ ಅದು ಕೂರುವ ಜಾಗವನ್ನು ಬಟ್ಟೆಯಿಂದ ಒರೆಸಿ. ಮರಳಿನ ಕಣ ಇದ್ದರೆ ಹೊಸ ವಾಷರೂ ಬೇಗ ಕೆಡುತ್ತದೆ. ತಿರುಗಿ ಹಾಕುವಾಗ ಮೈಮೇಲೆ ಬಂದವರ ಹಾಗೆ ಬಿಗಿಯಬೇಡಿ. ನಲ್ಲಿ ನಿಲ್ಲಿಸುವಾಗಲೂ ಅಷ್ಟೇ. ಶಕ್ತಿ ಎಲ್ಲ ಹಾಕಿ ಬಿಗಿ ಮಾಡುವ ಮನೆಗಳಲ್ಲೇ ವಾಷರ್ ಬೇಗ ಸವೆಯುವುದು.

ಈಗಿನ ಕಾಲು ಸುತ್ತಿನ ನಲ್ಲಿಗಳಲ್ಲಿ ಈ ರಬ್ಬರ್ ಇರುವುದಿಲ್ಲ. ಒಳಗೆ ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಸೋರಿದರೆ ಕಾರ್ಟ್ರಿಜ್ ಪೂರ್ತಿ ಬದಲಾಯಿಸಬೇಕು. ಅದೂ ಕಷ್ಟವಿಲ್ಲ, ಆದರೆ ಅದೇ ಕಂಪನಿಯದು ಬೇಕಾಗುತ್ತದೆ. ನಲ್ಲಿಯ ಬಾಯಿಗೆ ಜಾಲರಿ ಇದ್ದರೆ ಅದು ನೀರಿಗೆ ಗಾಳಿ ಬೆರೆಸಿ ಕಡಿಮೆ ನೀರಿನಲ್ಲೇ ಕೈ ತೊಳೆಯುವ ಹಾಗೆ ಮಾಡುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿಕೊಂಡಾಗ ಜನ ಅದನ್ನು ಬಿಚ್ಚಿ ಬಿಸಾಡುತ್ತಾರೆ. ಬೇಡ. ನಿಂಬೆರಸದಲ್ಲೋ ವಿನೆಗರಿನಲ್ಲೋ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಮೊದಲಿನ ಹಾಗಾಗುತ್ತದೆ. ಇದು ಸಣ್ಣ ಮಕ್ಕಳಿಗೆ ಹೇಳಿ ಮಾಡಿಸಿದ ಕೆಲಸ.

ಕಣ್ಣಿಗೆ ಕಾಣದ ಸೋರಿಕೆಯೂ ಇರುತ್ತದೆ. ಫ್ಲಶ್ ಟ್ಯಾಂಕು ಅದರಲ್ಲಿ ಮೊದಲು. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಒಂದು ಚಿಟಿಕೆ ಫ್ಲಶ್ ಟ್ಯಾಂಕಿನ ನೀರಿಗೆ ಹಾಕಿ. ಇಪ್ಪತ್ತು ನಿಮಿಷ ಯಾರೂ ಫ್ಲಶ್ ಮಾಡಬಾರದು. ಆಮೇಲೆ ಕಮೋಡ್ ನೋಡಿ. ಬಣ್ಣ ಇಳಿದು ಬಂದಿದ್ದರೆ ಒಳಗಿನ ರಬ್ಬರು ಕೆಟ್ಟಿದೆ. ನನ್ನ ಮಗನಿಗೆ ಇದು ಪತ್ತೇದಾರಿ ಕೆಲಸ. ನೆಂಟರ ಮನೆಗೆ ಹೋದಾಗ ಜೇಬಿನಲ್ಲಿ ಬಣ್ಣದ ಪೊಟ್ಟಣ ಸಿಕ್ಕಿ ನಮ್ಮನೆಯವಳು ತಲೆ ಚಚ್ಚಿಕೊಂಡಳು.

ಇನ್ನೊಂದು, ಮೀಟರ್. ರಾತ್ರಿ ಎಲ್ಲರೂ ಮಲಗುವ ಮೊದಲು ಎಲ್ಲ ನಲ್ಲಿ ನಿಲ್ಲಿಸಿ, ಮೀಟರಿನ ಸಂಖ್ಯೆ ಬರೆದುಕೊಳ್ಳಲಿ. ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ತಿರುಗಿ ನೋಡಲಿ. ಸಂಖ್ಯೆ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಸಂಪಿನ ಫ್ಲೋಟ್ ವಾಲ್ವ್ ಮೊದಲು ನೋಡಿ. ಸಂಪು ತುಂಬುವ ರಾತ್ರಿ ಮಾತ್ರ ಈ ಪರೀಕ್ಷೆ ಮಾಡಬೇಡಿ, ಲೆಕ್ಕ ತಪ್ಪುತ್ತದೆ.

ನೀರುಗಂಟಿ ಕೆಲಸ ಸರದಿಯಲ್ಲಿ

ನಮ್ಮನೆಯಲ್ಲಿ ವಾರಕ್ಕೊಬ್ಬರು ನೀರುಗಂಟಿ. ನಾನೂ ಇದ್ದೇನೆ, ನಮ್ಮನೆಯವಳೂ ಇದ್ದಾಳೆ. ಮೋಟಾರ್ ಹಾಕಿದ್ದು ಯಾವಾಗ, ನಿಲ್ಲಿಸಬೇಕಾದ್ದು ಯಾವಾಗ ಅಂತ ಅವರೇ ನೆನಪಿಟ್ಟುಕೊಳ್ಳಬೇಕು. ಮೇಲಿನ ಟ್ಯಾಂಕು ತುಂಬಿ ಚೆಲ್ಲಿದರೆ ಆ ವಾರದವರು ಉತ್ತರ ಕೊಡಬೇಕು. ಸಣ್ಣವರು ಸ್ವಿಚ್ ಮುಟ್ಟುವುದು ಬೇಡ, "ಮೋಟಾರ್ ಆಫ್" ಅಂತ ಕೂಗುವ ಕೆಲಸ ಸಾಕು. ಇದರ ಜೊತೆಗೆ ನೀರುಗಂಟಿಗೆ ಒಂದು ಅಧಿಕಾರವೂ ಇದೆ. ಯಾರು ನಲ್ಲಿ ಬಿಟ್ಟುಕೊಂಡು ನಿಂತರೂ ಹೋಗಿ ನಿಲ್ಲಿಸಬಹುದು. ಅಪ್ಪ ಗಡ್ಡ ಕೆರೆಯುತ್ತಿದ್ದರೂ ಸರಿ. ಮುಖದ ತುಂಬಾ ನೊರೆ ಇಟ್ಟುಕೊಂಡು ನಾನು ಬೈಯುವಂತಿಲ್ಲ. ಈ ಅಧಿಕಾರ ಕೊಡದೆ ಬರೀ ಕೆಲಸ ಕೊಟ್ಟರೆ ಮಕ್ಕಳಿಗೆ ನಾಲ್ಕೇ ದಿನಕ್ಕೆ ಬೇಜಾರು ಬರುತ್ತದೆ.

ದುಡ್ಡು, ಚಾಕೊಲೇಟು ಕೊಡಬೇಡಿ. ಲೀಟರಿಗೆ ಇಷ್ಟು ಅಂತ ಕೊಟ್ಟರೆ ಸ್ನಾನ ಮಾಡದೆ ದುಡ್ಡು ಉಳಿಸುವ ಮಕ್ಕಳು ತಯಾರಾಗುತ್ತಾರೆ. ಗಂಡು ಮಕ್ಕಳಂತೂ ಅದಕ್ಕೇ ಕಾಯುತ್ತಿರುತ್ತವೆ.

ಮಣ್ಣಿನಲ್ಲಿ ನಾಲೆ ತೋಡಿ ಆಡಿಸಿ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪಾಠ. ನಾಲ್ಕೈದು ಮಕ್ಕಳು ಬೇಕು. ಅಕ್ಕಪಕ್ಕದ ಮನೆಯವರನ್ನು ಸೇರಿಸಿಕೊಳ್ಳಿ. ಹಿತ್ತಲಲ್ಲೋ ಖಾಲಿ ಸೈಟಿನಲ್ಲೋ ಸ್ವಲ್ಪ ಇಳಿಜಾರಾದ ಮಣ್ಣಿನ ಜಾಗ ಆರಿಸಿ. ಮೇಲಿನಿಂದ ಕೆಳಕ್ಕೆ ಗೇಣಗಲದ ಒಂದು ನಾಲೆ ತೋಡಿಸಿ. ಅದರ ಎಡಕ್ಕೂ ಬಲಕ್ಕೂ ಒಂದೊಂದು ಮಗುವಿಗೆ ಒಂದೊಂದು ಗದ್ದೆ. ಸುತ್ತ ಬದ. ನಾಲೆಯಿಂದ ಗದ್ದೆಗೆ ಬಾಯಿ. ಬಾಯಿಗೆ ಅಡ್ಡವಾಗಿ ಹೆಂಚಿನ ಚೂರು ಇಟ್ಟರೆ ತೂಬು ಆಯಿತು. ಯಾರಿಗೆ ತಲೆ ಗದ್ದೆ, ಯಾರಿಗೆ ಕೊನೆ ಗದ್ದೆ ಅಂತ ಚೀಟಿ ಎತ್ತಿಸಿ.

ಗೆರೆ ಬಕೆಟ್ಟಿನಲ್ಲಿ ಹತ್ತು ಲೀಟರ್ ತಂದು ಮೇಲಿನಿಂದ ನಿಧಾನಕ್ಕೆ ಬಿಡಿ. ಮೊದಲ ಸಲ ಯಾವ ನಿಯಮವೂ ಬೇಡ, ಯಾರಿಗೆ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಲಿ. ಒಣ ನಾಲೆಯೇ ಅರ್ಧ ನೀರು ಕುಡಿದುಬಿಡುತ್ತದೆ. ಮಿಕ್ಕದ್ದನ್ನು ತಲೆ ಗದ್ದೆಯವರು ಮುಗಿಸುತ್ತಾರೆ. ಕೊನೆಯವರ ಹತ್ತಿರ ಬರೀ ಒದ್ದೆ ಮಣ್ಣೂ ಇರುವುದಿಲ್ಲ. ನಮ್ಮ ಹಿತ್ತಲಲ್ಲಿ ಆಡಿಸಿದಾಗ ಮಗನಿಗೆ ತಲೆ ಗದ್ದೆ ಬಂದಿತ್ತು. ಅಕ್ಕ ಕೊನೆಯಲ್ಲಿದ್ದಳು. ಎದ್ದು ಬಂದವಳೇ ಅವನ ಬದ ಒದ್ದು ಒಡೆದಳು. ಮಂಡ್ಯದ ಮಕ್ಕಳಿಗೆ ಇದನ್ನೆಲ್ಲ ಬೇರೆ ಹೇಳಿಕೊಡಬೇಕಾ?

ಎರಡನೇ ಸಲ ನಿಯಮ ಮಾಡಿ. ಕೊನೆಯ ಗದ್ದೆಯಿಂದ ಶುರು. ಒಬ್ಬೊಬ್ಬರಿಗೂ ಇಪ್ಪತ್ತು ಎಣಿಸುವವರೆಗೆ ತೂಬು ತೆರೆದಿರಬೇಕು. ಆ ಹೊತ್ತಿನಲ್ಲಿ ಬೇರೆಯವರ ತೂಬು ಮುಚ್ಚಿರಬೇಕು. ಅದನ್ನು ನೋಡಿಕೊಳ್ಳಲು ಒಬ್ಬ ನೀರುಗಂಟಿ. ನಾಲೆ ಆಗಲೇ ನೆನೆದಿರುವುದರಿಂದ ಈ ಸಲ ನೀರು ಸಲೀಸಾಗಿ ಮುಂದೆ ಹೋಗುತ್ತದೆ. ಎಲ್ಲರ ಗದ್ದೆಯೂ ನೆನೆಯುತ್ತದೆ. ಮೂರನೇ ಸಲ ಐದೇ ಲೀಟರ್ ಕೊಡಿ. "ಈ ವರ್ಷ ಮಳೆ ಇಲ್ಲ, ಏನು ಮಾಡ್ತೀರೋ ಮಾಡಿ" ಅಂದು ನೀವು ದೂರ ಹೋಗಿ ಕೂತುಬಿಡಿ. ಪಂಚಾಯ್ತಿ ಮಕ್ಕಳೇ ಮಾಡಲಿ. ನಮ್ಮ ಕಡೆ ಮಕ್ಕಳು ಕೊನೆಗೆ ಒಂದು ಗದ್ದೆ ಬೀಳು ಬಿಟ್ಟು, ಆ ಗದ್ದೆಯ ಮಗುವಿಗೆ ಮಿಕ್ಕವರು ಪಾಲು ಕೊಡಬೇಕು ಅಂತ ತೀರ್ಮಾನ ಮಾಡಿದರು. ಯಾರೂ ಹೇಳಿಕೊಟ್ಟಿರಲಿಲ್ಲ.

ಆಟ ಮುಗಿದ ಮೇಲೆ ನಿಜವಾದ ನಾಲೆಯ ವಿಷಯ ಹೇಳಬಹುದು. ನೀರು ಸಾಲದ ವರ್ಷ ವಿ.ಸಿ. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ. ಕೆಲವು ದಿನ ಹರಿಸಿ, ಕೆಲವು ದಿನ ನಿಲ್ಲಿಸುತ್ತಾರೆ. ನೀರು ಕೊನೇ ಭಾಗಕ್ಕೆ ತಲುಪಲಿಲ್ಲ ಅನ್ನೋ ದೂರು ಪೇಪರಿನಲ್ಲಿ ಪ್ರತಿ ವರ್ಷ ಬರುತ್ತದೆ. ಅದನ್ನು ಓದಿದಾಗ ಮಕ್ಕಳಿಗೆ ಅದು ತಮ್ಮ ಹಿತ್ತಲ ಜಗಳ ಅಂತ ಅರ್ಥವಾಗುತ್ತದೆ. ಹೈಸ್ಕೂಲು ಮಕ್ಕಳಾದರೆ ಇನ್ನೂ ಮುಂದೆ ಹೋಗಬಹುದು. ನಮ್ಮ ಕೆಳಗೂ ಗದ್ದೆಗಳಿವೆ, ತಮಿಳುನಾಡಿನಲ್ಲಿ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾವೇರಿ ನೀರನ್ನು ಹಂಚಿದಾಗ ಕರ್ನಾಟಕಕ್ಕೆ 284.75 ಟಿಎಂಸಿ, ತಮಿಳುನಾಡಿಗೆ 404.25 ಟಿಎಂಸಿ ಅಂತ ಹೇಳಿತು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. ಸರಿಯೋ ತಪ್ಪೋ ಅಂತ ನೀವು ಮೊದಲೇ ತೀರ್ಪು ಕೊಡಬೇಡಿ. ಮೂರನೇ ಸಲದ ಐದು ಲೀಟರ್ ನೆನಪಿಸಿ, ಮಳೆ ಕಡಿಮೆಯಾದ ವರ್ಷ ಏನು ಮಾಡಬೇಕು ಅಂತ ಅವರನ್ನೇ ಕೇಳಿ. ನನ್ನ ಅಭಿಪ್ರಾಯ ನನಗಿದೆ, ಅದು ಬೇರೆ ಮಾತು.

ನಿಜವಾದ ನಾಲೆ ತೋರಿಸಲು ಕರೆದುಕೊಂಡು ಹೋದರೆ ಕೈ ಬಿಡಬೇಡಿ. ನಾಲೆಯ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಒಳಗೆ ಸೆಳೆತ ಜಾಸ್ತಿ. ಈಜು ಬಂದರೂ ಅಲ್ಲಿಗೆ ಇಳಿಯುವ ಹಾಗಿಲ್ಲ.

ಒಂದು ನೀರು, ಎರಡು ಕೆಲಸ

ನಮ್ಮವ್ವನ ಕಾಲದಲ್ಲಿ ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು, ಅಲ್ಲಿಂದ ಎಮ್ಮೆಗೆ. ಈಗ ಎಮ್ಮೆ ಇಲ್ಲ, ಕರಿಬೇವಿನ ಗಿಡ ಇದೆ. ಸೊಪ್ಪು ತೊಳೆದ ನೀರು, ಬೇಳೆ ತೊಳೆದ ನೀರು, ಬಾಟಲಿಯಲ್ಲಿ ಉಳಿಸಿಕೊಂಡು ಬಂದ ಸ್ಕೂಲಿನ ನೀರು, ಎಲ್ಲ ಗಿಡಕ್ಕೆ. ಸಂಜೆ ಬ್ಯಾಗು ಇಟ್ಟ ತಕ್ಷಣ ಬಾಟಲಿ ನೀರನ್ನು ಸಿಂಕಿಗೆ ಸುರಿಯುವ ಬದಲು ಗಿಡಕ್ಕೆ ಹಾಕುವುದು ಅಭ್ಯಾಸವಾದರೆ ಸಾಕು.

ಆರ್‌ಓ ಫಿಲ್ಟರ್ ಇರುವ ಮನೆಗಳಲ್ಲಿ ಬೇರೆ ಕಥೆ. ಒಂದು ಲೀಟರ್ ಕುಡಿಯುವ ನೀರಿಗೆ ಸುಮಾರು ಮೂರು ಲೀಟರ್ ಹೊರಗೆ ಹೋಗುವ ಮಷಿನ್ನುಗಳು ಬೇಕಾದಷ್ಟಿವೆ. ಆ ಸಣ್ಣ ಪೈಪಿನ ಕೆಳಗೆ ಗೆರೆ ಬಕೆಟ್ಟು ಇಟ್ಟು ಮಕ್ಕಳಿಗೆ ತೋರಿಸಿ. ಆ ನೀರು ನೆಲ ಒರೆಸಲು, ಬಚ್ಚಲು ತೊಳೆಯಲು ಆಗುತ್ತದೆ. ಉಪ್ಪಿನ ಅಂಶ ಜಾಸ್ತಿ ಇರುವುದರಿಂದ ಕುಂಡದ ಗಿಡಕ್ಕೆ ದಿನಾ ಹಾಕಬೇಡಿ. ಹಾಗೇ ನಿಮ್ಮ ನೀರಿಗೆ ನಿಜವಾಗಿ ಆರ್‌ಓ ಬೇಕೇ ಅಂತಲೂ ಒಮ್ಮೆ ಪರೀಕ್ಷೆ ಮಾಡಿಸಿ ನೋಡಿ. ಇದನ್ನು ಅಂಗಡಿಯವನೇ ಹೇಳುತ್ತಿದ್ದೇನೆ.

ತಟ್ಟೆಯಲ್ಲಿ ಬಿಟ್ಟ ಅನ್ನದ ಲೆಕ್ಕ ಮಕ್ಕಳಿಗೆ ಹೊಸದು. ಒಂದು ಕೆಜಿ ಭತ್ತ ಬೆಳೆಯಲು ಸರಾಸರಿ 2,500 ಲೀಟರ್ ಆಸುಪಾಸು ನೀರು ಗದ್ದೆಗೆ ಹೋಗುತ್ತದೆ. ರಾಗಿಯನ್ನು ನಮ್ಮಲ್ಲಿ ಬಹುತೇಕ ಮಳೆ ನೀರಿನಲ್ಲೇ ಬೆಳೆಯುತ್ತಾರೆ. ಇದನ್ನು ಹೇಳಿದ ಮೇಲೆ ನನ್ನ ಮಗ ಮುದ್ದೆ ತಿನ್ನಲು ಶುರು ಮಾಡಿದ ಅಂದುಕೊಳ್ಳಬೇಡಿ. ಅನ್ನವನ್ನು ಮಾತ್ರ ಕಡಿಮೆ ಹಾಕಿಸಿಕೊಂಡು ಪೂರ್ತಿ ತಿನ್ನುತ್ತಾನೆ.

ಮಳೆಗಾಲಕ್ಕೆ ಒಂದು ಬಾಟಲಿ

ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯ ಹಾಗೆ ಕೂರಿಸಿ. ತಳ ಸಮ ಇಲ್ಲದಿದ್ದರೆ ಬೆಣಚು ಕಲ್ಲು ಹಾಕಿ, ಅದು ಮುಳುಗುವಷ್ಟು ನೀರು ತುಂಬಿ. ಅಲ್ಲಿಂದ ಮೇಲಕ್ಕೆ ಸ್ಕೇಲು ಅಂಟಿಸಿ. ತಾರಸಿಯಲ್ಲಿ ಗೋಡೆಯಿಂದ ದೂರ ಇಟ್ಟರೆ ಮಳೆಮಾಪಕ ತಯಾರು.

ಇದಕ್ಕೆ ಬೇಕಾದ ಲೆಕ್ಕ ಸುಲಭ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್. ಮೈಸೂರಿನ ಕಡೆ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ ಅಂತ ಹಿಡಿದರೆ 74 ಸಾವಿರ ಲೀಟರ್ ಆ ಒಂದು ತಾರಸಿಯ ಮೇಲೆ ಬೀಳುತ್ತದೆ. ಎಲ್ಲವನ್ನೂ ಹಿಡಿಯಲು ಆಗುವುದಿಲ್ಲ. ಅರ್ಧ ಹಿಡಿದರೂ ಎಷ್ಟು ಟ್ಯಾಂಕರ್ ಆಯಿತು ಅಂತ ಮಕ್ಕಳು ಲೆಕ್ಕ ಹಾಕಲಿ.

ಮೊದಲ ಮಳೆಯ ನೀರನ್ನು ಹೊರಗೆ ಬಿಡಿ, ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲಿರುತ್ತದೆ. ಹಿಡಿದಿಟ್ಟ ನೀರಿಗೆ ಮುಚ್ಚಳ ಬೇಕೇ ಬೇಕು, ಇಲ್ಲದಿದ್ದರೆ ಡೆಂಗಿ ಸೊಳ್ಳೆ ಸಾಕಿದ ಹಾಗೆ. ಸಂಪಿನ ಮುಚ್ಚಳಕ್ಕೆ ಬೀಗ ಹಾಕಿ. ಮಕ್ಕಳಿಗೆ ನೀರಿನ ಮೇಲೆ ಆಸಕ್ತಿ ಹುಟ್ಟಿಸಿದ ಮೇಲೆ ಇದನ್ನು ಮರೆಯಬಾರದು. ಸಂಪಿನೊಳಗೆ ಇಣುಕುವ ಕೆಲಸ ಯಾವ ವಯಸ್ಸಿನ ಮಗುವಿಗೂ ಕೊಡಬೇಡಿ.

ಪೇಪರಿನ ಮೂಲೆಯ ಕೆಆರ್‌ಎಸ್

ಮಳೆಗಾಲದಲ್ಲಿ ಪೇಪರಿನಲ್ಲಿ ಕೆಆರ್‌ಎಸ್ ಅಂದರೆ ಕೃಷ್ಣರಾಜಸಾಗರ ಅಣೆಕಟ್ಟೆಯ ನೀರಿನ ಮಟ್ಟ, ಒಳಹರಿವು, ಹೊರಹರಿವು ಬರುತ್ತದೆ. ಗೋಡೆಗೆ ಒಂದು ಗ್ರಾಫ್ ಹಾಳೆ ಅಂಟಿಸಿ. ಮೇಲೆ 124.80 ಅಡಿಗೆ ಕೆಂಪು ಗೆರೆ, ಅದು ಪೂರ್ಣ ಮಟ್ಟ. ದಿನಾ ಒಂದು ಚುಕ್ಕೆ. ಮಂಡ್ಯದಲ್ಲಿ ಮಳೆ ಇಲ್ಲದ ದಿನವೂ ಚುಕ್ಕೆ ಮೇಲಕ್ಕೆ ಹೋಗುವುದನ್ನು ನೋಡಿ ಮಗು ಕೇಳೇ ಕೇಳುತ್ತದೆ. ಆಗ ನಕ್ಷೆ ತೆಗೆದು ಕೊಡಗು ತೋರಿಸಿ. ಹೇಮಾವತಿ, ಲಕ್ಷ್ಮಣತೀರ್ಥ ಎಲ್ಲಿ ಬಂದು ಸೇರುತ್ತವೆ ಅಂತ ತೋರಿಸಿ.

ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28.3 ಲೀಟರ್. ದಿನಪೂರ್ತಿ ಒಂದೇ ಒಂದು ಕ್ಯೂಸೆಕ್ ಹರಿದರೂ 24 ಲಕ್ಷ ಲೀಟರ್ ದಾಟುತ್ತದೆ. ತಲೆಗೆ 135 ಲೀಟರಿನಂತೆ 18 ಸಾವಿರ ಜನಕ್ಕೆ ಆಗುವಷ್ಟು. ಅಣೆಕಟ್ಟೆಯ ಪೂರ್ತಿ ಸಾಮರ್ಥ್ಯ 49.45 ಟಿಎಂಸಿ. 11,574 ಕ್ಯೂಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಲೆಕ್ಕ ಇಷ್ಟಪಡುವ ಮಗುವಿಗೆ ಇಷ್ಟು ಸಾಕು, ಒಂದು ಭಾನುವಾರ ಕಳೆಯುತ್ತದೆ.

2023ರಲ್ಲಿ ಕಟ್ಟೆ ತುಂಬಲೇ ಇಲ್ಲ, ಮಂಡ್ಯದ ರಸ್ತೆಗಳಲ್ಲಿ ಚಳವಳಿ ನಡೆಯಿತು. 2024ರ ಜುಲೈನಲ್ಲಿ ತುಂಬಿತು. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿ ಮುಖ್ಯಮಂತ್ರಿ ಬಾಗಿನ ಕೊಟ್ಟರು. ಮಗಳ ಹಾಳೆಯಲ್ಲಿ ಈ ವರ್ಷಗಳು ಬೇರೆ ಬೇರೆ ಬಣ್ಣದಲ್ಲಿವೆ.

ಕರೆದುಕೊಂಡು ಹೋಗುವ ಜಾಗಗಳು

ಬೃಂದಾವನದ ಕಾರಂಜಿ ತೋರಿಸಿ ಬಂದರೆ ಮಕ್ಕಳಿಗೆ ಕಾರಂಜಿ ಮಾತ್ರ ನೆನಪಿರುತ್ತದೆ. ಅದಕ್ಕೆ ಮೊದಲು ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನಕ್ಕೆ ಹೋಗಿ. 1911ರಲ್ಲಿ ಶುರುವಾದ ಕಟ್ಟೆ ಕೆಲಸದಿಂದ ಹಳೇ ಕನ್ನಂಬಾಡಿ ಮುಳುಗಿತು. ಆ ದೇವಸ್ಥಾನವನ್ನು ಬಿಚ್ಚಿ ತಂದು ಇಲ್ಲಿ ಕಟ್ಟಿದ್ದಾರೆ. ನಮ್ಮ ನಲ್ಲಿಗೆ ನೀರು ಬರಲು ಯಾರೋ ಊರು ಬಿಟ್ಟಿದ್ದಾರೆ ಅನ್ನೋದು ಅಲ್ಲಿ ನಿಂತಾಗ ಮಕ್ಕಳಿಗೆ ತಟ್ಟುತ್ತದೆ.

ಮೇಲುಕೋಟೆಯಲ್ಲಿ ಕಲ್ಯಾಣಿ ನೋಡಿ, ಅಕ್ಕ ತಂಗಿ ಕೊಳ ಬಿಡಬೇಡಿ. ಪಕ್ಕಪಕ್ಕ ಎರಡು ಕೊಳ. ಒಂದರ ನೀರು ಕುಡಿಯಲು, ಇನ್ನೊಂದರದ್ದು ಬೇರೆ ಬಳಕೆಗೆ ಅಂತ ಜನ ಹೇಳುತ್ತಾರೆ. ಬಂಡೆಯ ಮೇಲಿನ ಊರು ಮಳೆ ನೀರನ್ನು ಹೇಗೆ ಕೂಡಿಟ್ಟುಕೊಂಡಿತ್ತು ಅಂತ ಅಲ್ಲಿ ಕಣ್ಣಾರೆ ಕಾಣುತ್ತದೆ. ಮೈಸೂರಿನವರು ಕುಕ್ಕರಹಳ್ಳಿ ಕೆರೆಗೆ ಹೋಗಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಸುಮ್ನೆ ಸುತ್ತು ಹಾಕಿ ಬರಬೇಡಿ. ಕೆರೆಗೆ ನೀರು ಬರುವ ದಾರಿ ಎಲ್ಲಿ ಅಂತ ಮಕ್ಕಳನ್ನು ಹುಡುಕಲು ಬಿಡಿ. ಊರು ಬೆಳೆದಂತೆ ಆ ದಾರಿಗಳು ಏನಾದವು ಅಂತ ಅವರಿಗೇ ಗೊತ್ತಾಗುತ್ತದೆ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಕಥೆ ಹೇಳಿ. ಕುರಿ ಮೇಯಿಸುತ್ತಿದ್ದವರು. ಬೆಟ್ಟದಲ್ಲಿ ಪ್ರಾಣಿ ಪಕ್ಷಿಗೆ ನೀರಿಲ್ಲ ಅಂತ ಸ್ವಂತ ದುಡ್ಡು, ಸ್ವಂತ ಕೈಯಿಂದ ಕಟ್ಟೆಗಳನ್ನು ತೋಡಿಸಿದರು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದರು. 2022ರಲ್ಲಿ ತೀರಿಕೊಂಡರು. ಮಕ್ಕಳಿಗೆ ಮಹಾರಾಜರು, ಇಂಜಿನಿಯರ್ ಸರ್.ಎಂ.ವಿ. ಅಷ್ಟೇ ಅಲ್ಲ, ಕೋಲು ಹಿಡಿದ ಒಬ್ಬ ಅಜ್ಜನೂ ಗೊತ್ತಿರಲಿ.

ಕೆಲವು ಬೇಡಗಳು

ಕುಡಿಯುವ ನೀರಿಗೆ, ಕೈ ತೊಳೆಯುವ ನೀರಿಗೆ ಕಡಿವಾಣ ಹಾಕಬೇಡಿ. ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿದರೆ ಸಾಕು. ಎಣ್ಣೆ ಸ್ನಾನದ ದಿನ ಲೆಕ್ಕ ಕೇಳಬೇಡಿ. ಮಳೆಯಲ್ಲಿ ನೆನೆಯಲು ಬಿಡಿ. ನೀರನ್ನು ಕಂಡರೆ ಹೆದರುವ, ಪಾಪ ಅಂದುಕೊಳ್ಳುವ ಮಗು ನಮಗೆ ಬೇಡ. ಹಾಗೇ ನೀವು ಪೈಪು ಹಿಡಿದು ಕಾರು ತೊಳೆಯುತ್ತಾ ಮಗನಿಗೆ ಚೊಂಬಿನ ಪಾಠ ಹೇಳಿದರೆ ಅವನು ನಗುತ್ತಾನೆ. ಕಾರಿಗೆ ಒಂದು ಬಕೆಟ್ಟು, ಎರಡು ಬಟ್ಟೆ ಧಾರಾಳ ಆಯಿತು.

ಶಾಲೆಯ ನಲ್ಲಿ ಸೋರುತ್ತಿದ್ದರೆ ಮಕ್ಕಳೇ ಲೋಟ ಇಟ್ಟು ಅಳೆದು, ದಿನಕ್ಕೆ ಇಷ್ಟು ಲೀಟರ್ ಅಂತ ಬರೆದು ಹೆಡ್‌ಮಾಸ್ಟರಿಗೆ ಕೊಡಲಿ. "ನಲ್ಲಿ ಸರಿ ಮಾಡಿಸಿ ಸಾರ್" ಅನ್ನುವುದಕ್ಕಿಂತ ಸಂಖ್ಯೆ ಇದ್ದ ಕಾಗದಕ್ಕೆ ಬೆಲೆ ಜಾಸ್ತಿ. ಮತ್ತೆ, ವಾಷರ್ ತರಲು ಯಾವ ಅಂಗಡಿಗೆ ಹೋದರೂ ಹಳೇ ವಾಷರ್ ಜೊತೆಯಲ್ಲಿ ತೆಗೆದುಕೊಂಡು ಹೋಗಿ. ಅರ್ಧ ಇಂಚು ಅಂತ ಬಾಯಲ್ಲಿ ಹೇಳಿದರೆ ನಾವು ಕೊಡುವುದು ಒಂದು, ನಿಮ್ಮ ನಲ್ಲಿಗೆ ಬೇಕಾದ್ದು ಇನ್ನೊಂದು ಆಗುತ್ತದೆ. ಮಗುವನ್ನೇ ಕಳಿಸಿದರೆ ಇನ್ನೂ ಒಳ್ಳೇದು, ನಾನಂತೂ ಕೂರಿಸಿಕೊಂಡು ಹಾಕುವುದನ್ನೂ ತೋರಿಸಿ ಕಳಿಸುತ್ತೇನೆ.